ಸುತ್ತಪ್ಪ ಯಾರ ಪೈಕಿ

ಕೃಷ್ಣೆಗೂ ಭೀಮೆಗೂ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಸುರಪುರದ ಗುಡ್ಡಗಳು ಅಂಬೆಗಾಲಿಡುತ್ತಿದ್ದವು. ಆಗ ಈ ನೆಲದ ಮೇಲೆ ಒಂದು ಸಮುದ್ರ ಬಿಡಾರ ಹೂಡಿತ್ತಂತೆ. ಬಂದ ಬೀಗರು ಎಷ್ಟು ದಿನವೆಂದು ಉಳಿದಾರು, ಒಂದು ದಿನ ಸಮುದ್ರವೂ ಗಂಟುಮೂಟೆ ಕಟ್ಟಿತು. ಮೀನುಗಳು ಮುಂದೆ ಮುಂದೆ ಹೋದವು. ಏಡಿಗಳು ಅಡ್ಡಡ್ಡ ಹೋದವು. ಆಮೆ ಜಾಣ, ನಾಲ್ಕು ದಿನ ಮೊದಲೇ ಹೊರಟಿತ್ತು. ಬಸವನಹುಳು ಒಂದೇ ಹಿಂದೆ ಬಿತ್ತು. ಸಮುದ್ರ ಹೊರಳಿ ನಿಂತು ಕೇಳಿತು: ಎಲ್ಲರೂ ಬಂದರು, ನಿನಗೇನು ಧಾಡಿ? ಹುಳು ಹೇಳಿತು: ಅವರು ಬರೀ ಮೈ ಹೊತ್ತುಕೊಂಡು ಹೊರಟಿದ್ದಾರೆ, ನಾನು ಮನೆ ಹೊತ್ತುಕೊಂಡು ಹೊರಟಿದ್ದೇನೆ. ನಿನಗೆ ಅವಸರವಿದ್ದರೆ ನಡೆ, ನಾನು ಹಿಂದಿನಿಂದ ಬಂದೆ. ಸಮುದ್ರ ಇನ್ನೂ ಆ ಕಡೆ ದಾರಿ ಕಾಯುತ್ತಿದೆ. ಹುಳು ಇನ್ನೂ ಬರುತ್ತಿದೆ.

ಇದು ನಮ್ಮ ಆಯಿ, ಅಪ್ಪನ ಅವ್ವ ಗುರುಲಿಂಗಮ್ಮ, ಮೊರದಲ್ಲಿ ಜೋಳ ಹಸನು ಮಾಡುತ್ತ ಹೇಳುತ್ತಿದ್ದ ಕಥೆ. ಕಥೆ ಮುಗಿದ ಮೇಲೂ ನಾನು ಬಾಗಿಲಲ್ಲಿ ನಿಂತು, ಗುಡ್ಡದ ಯಾವ ಬಂಡೆಯ ಸಂದಿಯಲ್ಲಿ ಅದು ಈಗ ಬರುತ್ತಿರಬಹುದೆಂದು ನೋಡುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ಎಷ್ಟೋ ಸಲ.

ಕಥೆಯ ಹುಳು ನಮ್ಮ ಮನೆಯಲ್ಲೇ ಇತ್ತು. ದೇವರ ಜಗಲಿಯ ಮೇಲೆ, ಲಿಂಗದ ಎಡಕ್ಕೆ, ಹಿತ್ತಾಳೆಯ ಬಟ್ಟಲಲ್ಲಿ ನಿಂತ ಒಂದು ಕಲ್ಲು. ಹಿಡಿಯುದ್ದ, ಕೆಳಗೆ ದಪ್ಪ, ಮೇಲೆ ಹೋದಂತೆ ಸಣ್ಣ, ಮೈತುಂಬ ಸುತ್ತು. ಅದಕ್ಕೆ ಸುತ್ತಪ್ಪ ಎಂದು ಹೆಸರು. ಮುತ್ಯಾನ, ಅಂದರೆ ಆಯಿಯ ಗಂಡನ, ಅಜ್ಜ ರಾಮೇಶ್ವರಕ್ಕೆ ನಡೆದುಕೊಂಡು ಹೋದಾಗ ತಿರುಚಿರಾಪಳ್ಳಿಯ ಆಚೆ ಯಾವುದೋ ಹೊಲದಲ್ಲಿ ಸಿಕ್ಕಿತು, ಶಿವನ ಜಡೆಯ ಹಾಗಿದೆಯೆಂದು ಜೋಳಿಗೆಯಲ್ಲಿ ಇಟ್ಟುಕೊಂಡು ಬಂದ ಎಂಬುದು ಮನೆಯ ಮಾತು. ಕಥೆಯಲ್ಲಿ ಅದು ಇಲ್ಲಿಯದೇ, ಮನೆಯ ಮಾತಿನಲ್ಲಿ ಪರಸ್ಥಳದ್ದು. ಆಯಿಗೆ ಎರಡೂ ನಿಜ.

ಪ್ರತಿ ಉಗಾದಿಗೆ ಮನೆಗೆ ಸುಣ್ಣ ಹಚ್ಚುವಾಗ ಆಯಿ ಸುತ್ತಪ್ಪನಿಗೂ ಒಂದು ಕೈ ಸುಣ್ಣ ಬಳಿಯುತ್ತಿದ್ದಳು. ದೇವರಿಗೂ ವರ್ಷಕ್ಕೊಂದು ಹೊಸ ಅಂಗಿ ಬೇಡವೇನು ಎನ್ನುತ್ತಿದ್ದಳು. ಹಾಗಾಗಿ ನಾನು ಕಂಡ ಸುತ್ತಪ್ಪ ಯಾವಾಗಲೂ ಬೆಳ್ಳಗೆ, ದುಂಡಗೆ, ಸುತ್ತುಗಳು ಅರೆಮರೆಯಾಗಿ, ಹೊಟ್ಟೆಯ ಮೇಲೆ ಮೂರು ಎಳೆ ವಿಭೂತಿ ಇಟ್ಟುಕೊಂಡು ನಿಂತಿರುತ್ತಿದ್ದ.

ಅವನ ಮೇಲೆ ಆಯಿಗಿಂತ ಹೆಚ್ಚಿನ ಅಧಿಕಾರ ಇದ್ದದ್ದು ಬಸ್ಸಮ್ಮನಿಗೆ. ಅವಳು ಮುತ್ಯಾನ ತಂಗಿ, ಆಯಿಯ ನಾದಿನಿ. ದೇವಾಪುರಕ್ಕೆ ಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಶಿವರಾತ್ರಿಗೆ ತವರಿಗೆ ಬಂದು ಜಗಲಿಯ ಪೂಜೆ ತಾನೇ ಮಾಡುತ್ತಾಳೆ, ಮಾಡುತ್ತ ಮಾಡುತ್ತ ಮನೆಯವರ ತಪ್ಪು ಹುಡುಕುತ್ತಾಳೆ. ನಾನು ಹೈಸ್ಕೂಲಿನಲ್ಲಿದ್ದಾಗ ಮಣ್ಣಿನ ಬಸವಣ್ಣನ ಕೋಡು ಮುರಿದದ್ದು ಅವಳ ಕಣ್ಣಿಗೆ ಬಿತ್ತು. ಮುಕ್ಕಾದ ದೇವರು ಮನೆಯಲ್ಲಿ ಇರಬಾರದು. ಅದೇ ಮಧ್ಯಾಹ್ನ ಕೆಂಪು ವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಕೃಷ್ಣೆಗೆ ಬಿಟ್ಟು ಬಂದಳು. ಅವತ್ತು ಆಯಿ ಊಟ ಮಾಡಲಿಲ್ಲ. ಉಪವಾಸ ಮೊದಲೇ ಇತ್ತು ಎಂದು ನಾವು ಅಂದುಕೊಂಡೆವು.

ಕಥೆ ಕೇಳಿ ಬೆಳೆದವಳು ನಾನು, ಕಲ್ಲು ಓದಲು ಕಲಬುರಗಿಗೆ ಹೋದೆ. ಭೂವಿಜ್ಞಾನದ ಎಂ.ಎಸ್ಸಿ.ಯ ಮೊದಲ ವಾರದಲ್ಲೇ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮ ಶಹಾಪುರದ ಕಡೆಯ ಸುಣ್ಣಕಲ್ಲು ನಿಜವಾಗಿಯೂ ಒಂದು ಸಮುದ್ರದ ತಳ. ಆದರೆ ಆ ಸಮುದ್ರ ಎಷ್ಟು ಹಳೆಯದೆಂದರೆ, ಅದರಲ್ಲಿ ಚಿಪ್ಪು ಕಟ್ಟುವ ಒಂದು ಜೀವವೂ ಇನ್ನೂ ಹುಟ್ಟಿರಲಿಲ್ಲ. ಆಯಿಯ ಸಮುದ್ರ ಇತ್ತು, ಹುಳು ಇರಲಿಲ್ಲ. ಹಾಗಾದರೆ ಸುತ್ತಪ್ಪ ರಾಮೇಶ್ವರದ ದಾರಿಯವನೇ ಸರಿ. ಆ ಸೀಮೆಯಲ್ಲಿ ಏಳೆಂಟು ಕೋಟಿ ವರ್ಷದ ಹಿಂದಿನ ಸಮುದ್ರದ ಚಿಪ್ಪುಗಳು ಕಲ್ಲಾಗಿ ಹೊಲದಲ್ಲಿ ಬಿದ್ದಿರುತ್ತವೆಂದು ಪುಸ್ತಕದಲ್ಲಿ ಓದಿದ್ದೆ.

ಓದು ಮುಗಿದು ಯಾದಗಿರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದೆ. ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಆಯಿ ಜಗಲಿಯ ಮುಂದೆ ಕೂತು ನನ್ನನ್ನು ಕರೆದಳು.

"ಅರವತ್ತೆರಡು ವರ್ಷ ಆತು ಇವಗ ಕೈ ಮುಗಿಯಾಕತ್ತು" ಎಂದಳು. "ಬ್ಯಾರೆ ದೇವ್ರು ಎಲ್ಲಾರೂ ಯಾರ ಮಕ್ಕಳು, ಯಾವ ಊರವರು, ಗೊತ್ತದ. ಇವ ಯಾರ ಪೈಕಿ ಅಂತ ಒಬ್ರೂ ಹೇಳ್ಲಿಲ್ಲ. ಕಲ್ಲು ಓದೀನಿ ಅಂತಿ. ಇದೊಂದು ನನಗ ಹೇಳಿಬಿಡು."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವಳು ಎರಡು ಕಟ್ಟು ಹಾಕಿದಳು. ಶಿವರಾತ್ರಿಗೆ ಬಸ್ಸಮ್ಮ ಬರುವುದರೊಳಗೆ ಸುತ್ತಪ್ಪ ಬಟ್ಟಲಲ್ಲಿ ಇರಬೇಕು. ಮತ್ತೆ, ಮೈಯ ಸುಣ್ಣ ಬೇಕಾದರೆ ತೆಗಿ, ತುದಿಗೆ ಕೈ ಹಚ್ಚಬೇಡ, ಅದು ದೇವರ ನೆತ್ತಿ. ಎರಡಕ್ಕೂ ಹೂಂ ಎಂದು, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಯಾದಗಿರಿಗೆ ಒಯ್ದೆ.

ನಮ್ಮ ವಿಭಾಗದ ಮುಖ್ಯಸ್ಥೆ ನುಜ್ಹತ್ ಮೇಡಮ್. ಇಪ್ಪತ್ತೇಳು ವರ್ಷ ಕಲ್ಲುಗಳ ಜೊತೆ ಕಳೆದವರು, ಮನುಷ್ಯರ ಜೊತೆ ಮಾತು ಕಡಿಮೆ. ಸುತ್ತಪ್ಪನನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಇದಕ್ಕೆ ಆಸಿಡ್ ತೋರಿಸಲೂ ಬೇಡ ಎಂದರು. ಚಿಪ್ಪು ಸುಣ್ಣದ್ದು, ಅದರ ಮೇಲೆ ಹಚ್ಚಿದ್ದೂ ಸುಣ್ಣ. ಆಸಿಡ್ ಹಾಕಿದರೆ ಅಂಗಿಯ ಜೊತೆ ಮೈಯೂ ನೊರೆಯಾಗಿ ಹೋಗುತ್ತದೆ. ಹೊಲಿಗೆಯ ಸೂಜಿ ತಂದುಕೊ, ಕೂತು ಬಿಡಿಸು.

ಬಿಡಿಸಿದೆ. ಪಾಠಗಳ ನಡುವೆ ಸಿಕ್ಕ ಸಮಯದಲ್ಲಿ ಕಿಟಕಿಯ ಪಕ್ಕ ಕೂತು, ಭೂತಗನ್ನಡಿಯ ಕೆಳಗೆ, ಎಳ್ಳಿನಷ್ಟು ಎಳ್ಳಿನಷ್ಟು. ಮೇಲಿನ ಮೂರು ಪದರ ಬಿಳಿ ಡಿಸ್ಟೆಂಪರು, ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ, ಅದರ ಕೆಳಗೆ ಬರೀ ಸುಣ್ಣ, ಈರುಳ್ಳಿಯ ಹಾಗೆ. ನಲವತ್ತರವರೆಗೆ ಎಣಿಸಿ ಬಿಟ್ಟೆ. ಒಂದೊಂದು ಪದರ ಒಂದೊಂದು ಉಗಾದಿ. ಇದು ನಾನು ಹುಟ್ಟಿದ ವರ್ಷದ್ದು, ಇದು ಅಪ್ಪ ಹುಟ್ಟಿದ ವರ್ಷದ್ದು ಎಂದುಕೊಳ್ಳುತ್ತ ಎಷ್ಟೋ ಹೊತ್ತು ಸೂಜಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದೆ. ಗಂಟೆ ಹೊಡೆದದ್ದು ಕೇಳದೆ ಎರಡು ಸಲ ತರಗತಿಗೆ ತಡವಾಗಿ ಹೋದೆ.

ಸಂಕ್ರಾಂತಿಯ ಹೊತ್ತಿಗೆ ಮೈ ಹೊರಗೆ ಬಂತು. ತಿಳಿ ಕಂದು ಬಣ್ಣ, ಎಣ್ಣೆ ಕುಡಿದ ಹೊಳಪು. ಸಮುದ್ರದ ಬಸವನಹುಳುವಿನ ಚಿಪ್ಪು ನೋಡಿ ಅದು ಯಾರೆಂದು ಹೇಳಲು ಕೆಲವು ಗುರುತುಗಳಿವೆ. ಸುತ್ತುಗಳು ಎಷ್ಟು ಬೇಗ ಸಣ್ಣದಾಗುತ್ತವೆ, ಸುತ್ತಿನ ಉದ್ದಕ್ಕೂ ಓಡುವ ಉಬ್ಬು ಗೆರೆಗಳು, ಅಂದರೆ ಏಣುಗಳು, ಎಷ್ಟು, ಹುಳು ಬೆಳೆದಾಗಲೆಲ್ಲ ಬಿಟ್ಟ ಗೆರೆ ಹೇಗೆ ಬಾಗಿದೆ. ಈ ಬಾಗಿದ ಗೆರೆ ಮಸುಕಾಗಿ ಸಿಕ್ಕಿತು. ಅದನ್ನು ನೋಡಿದ್ದೇ ಮೇಡಮ್ ಟರಿಟೆಲ್ಲಾ ಎಂದರು. ಲ್ಯಾಟಿನ್‌ನಲ್ಲಿ ಸಣ್ಣ ಗೋಪುರವೆಂದು ಅರ್ಥ. ಆದರೆ ಟರಿಟೆಲ್ಲಾಗಳಲ್ಲಿ ನೂರಾರು ಪ್ರಭೇದ. ಯಾವುದೆಂದು ಹೇಳಬೇಕಾದ ಏಣುಗಳು ಸವೆದು ಹೋಗಿದ್ದವು. ಸುಣ್ಣ ಹಚ್ಚುವುದಕ್ಕೆ ಮೊದಲಿನ ಮೂರು ತಲೆಮಾರಿನವರು ವಿಭೂತಿ ಹಚ್ಚಿದ ಬೆರಳುಗಳಿಂದ ಹೊಟ್ಟೆ ಸವರಿದ್ದರು. ಬುಡ ಬಟ್ಟಲಲ್ಲಿ ತಿಕ್ಕಿ ನುಣ್ಣಗಾಗಿತ್ತು.

ಉಳಿದದ್ದು ತುದಿ. ಚಿಪ್ಪಿನ ತುದಿಯೆಂದರೆ ಹುಳುವಿನ ತೊಟ್ಟಿಲು. ಮರಿಯಿದ್ದಾಗ ಕಟ್ಟಿಕೊಂಡ ಮೊದಲ ಸುತ್ತು ಅಲ್ಲಿರುತ್ತದೆ, ಮುಂದಿನ ಮನೆಯೆಲ್ಲ ಅದರಿಂದ ಕೆಳಗೆ ಬೆಳೆಯುತ್ತದೆ. ಆಯಿಗೆ ಕೊಟ್ಟ ಮಾತನ್ನು ಮೇಡಮ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಮುಖ ನೋಡಲಾರದ ಹೆಣ್ಣು ಒಪ್ಪಿದ್ಹಂಗ ಆಗ್ತದ, ಬೇಟಾ. ನಿಮ್ಮ ಆಯಿ ಕೇಳಿದ್ದು ಹೆಸರು. ಹೆಸರು ಬೇಕಂದ್ರ ತುದಿ ನೋಡಬೇಕು. ಬ್ಯಾಡಂದ್ರ ಇಲ್ಲಿಗೆ ಬಿಡು."

ಎರಡು ದಿನ ಬಿಟ್ಟೆ. ಮೂರನೆಯ ದಿನ ಸೂಜಿ ಹಿಡಿದೆ. ಸುಣ್ಣವಷ್ಟೇ ತೆಗೆಯುತ್ತೇನೆ, ನೆತ್ತಿಗೆ ನೋವಾಗದ ಹಾಗೆ, ಎಂದು ನನಗೆ ನಾನೇ ಹೇಳಿಕೊಂಡೆ.

ಟರಿಟೆಲ್ಲಾದ ತುದಿ ಮುಳ್ಳಿನ ಹಾಗೆ ಚೂಪಾಗಿರಬೇಕು. ಇದು ಶೇಂಗಾಬೀಜದ ಹಾಗೆ ದುಂಡಗಿತ್ತು. ಅದರ ಮೇಲೆ ಕೂದಲಿನಂಥ ಗೆರೆಗಳು, ಒಂದರ ಪಕ್ಕ ಒಂದು, ಬಾಗಿ ಬಾಗಿ, ನಡುವೆ ಒಂದು ಸುಳಿ. ಯಾವ ಪುಸ್ತಕದಲ್ಲೂ ಇಂಥ ತುದಿ ಇರಲಿಲ್ಲ. ಚಿತ್ರ ಬರೆದೆ, ಫೋಟೊ ತೆಗೆದೆ, ಪುಣೆಯಲ್ಲಿರುವ ಒಬ್ಬ ಹಿರಿಯ ತಜ್ಞರಿಗೆ ಮೇಡಮ್ ಮೂಲಕ ಕಳುಹಿಸಿದೆ. ವಾರದ ಮೇಲೆ ಉತ್ತರ ಬಂತು. ಇಂಥ ತುದಿಯ ಟರಿಟೆಲ್ಲಾ ನಾನು ನೋಡಿಲ್ಲ, ಹೊಸ ಪ್ರಭೇದವೇ ಇರಬಹುದು, ಇಲ್ಲವೆಂದರೆ ಇಲ್ಲಿ ಇನ್ನೇನೋ ಇದೆ, ಕಲ್ಲನ್ನೇ ಕಳುಹಿಸಿ. ನಾನು ಅದರ ಮೊದಲರ್ಧ ಮಾತ್ರ ಓದಿದೆ. ಇನ್ನೇನೋ ಇದೆ ಅಂದಾರ, ಅದನ್ನೂ ಓದು ಎಂದು ಮೇಡಮ್ ಅಂದದ್ದು ಕಿವಿಯವರೆಗೆ ಬಂದು ಅಲ್ಲೇ ನಿಂತಿತು.

ಹೊಸ ಪ್ರಭೇದಕ್ಕೆ ಕಂಡುಹಿಡಿದವರು ಹೆಸರಿಡಬಹುದು. ಯಾರದಾದರೂ ಗೌರವಕ್ಕೆ, ಅವರ ಹೆಸರಿಗೆ ಲ್ಯಾಟಿನ್ ಬಾಲ ಹಚ್ಚಿಯೂ ಇಡಬಹುದು. ನನ್ನ ನೋಟುಬುಕ್ಕಿನ ಒಂದು ಪುಟದ ತುಂಬ ಟರಿಟೆಲ್ಲಾ ಗುರುಲಿಂಗಮ್ಮೆ, ಟರಿಟೆಲ್ಲಾ ಗುರುಲಿಂಗಮ್ಮೆ ಎಂದು ಬರೆದೆ, ಓರಗೆಯ ಹುಡುಗಿಯರು ಹತ್ತನೆಯ ತರಗತಿಯಲ್ಲಿ ಹುಡುಗರ ಹೆಸರು ಬರೆದ ಹಾಗೆ.

ಶಿವರಾತ್ರಿಯ ಹಿಂದಿನ ದಿನ ಸುತ್ತಪ್ಪನನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ ಹತ್ತಿದೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತಿತು. ಕಲ್ಲಂಗಡಿ ಕೊಯ್ಯುವವನನ್ನು ನೋಡುತ್ತ, ಜಗತ್ತಿನ ಪುಸ್ತಕಗಳಲ್ಲಿ ಆಯಿಯ ಹೆಸರು ಅಚ್ಚಾಗಿರುವುದನ್ನು ಕಂಡೆ. ಸುರಪುರ ಮುಟ್ಟುವ ಹೊತ್ತಿಗೆ ಅವಳಿಗೆ ಹೇಗೆ ಹೇಳಬೇಕೆಂಬುದನ್ನು ಮೂರು ಸಲ ಅಭ್ಯಾಸ ಮಾಡಿದ್ದೆ.

ಆಯಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ತುದಿಯ ಸುಣ್ಣ ತೆಗೆದದ್ದಕ್ಕೆ ಮೊದಲು ತಪ್ಪಾಯಿತು ಎಂದೆ. ಆಮೇಲೆ ಉಳಿದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಇಂಥದ್ದು ಭೂಮಿಯ ಮೇಲೆ ಇನ್ನೊಂದಿಲ್ಲ, ಪುಣೆಯ ಸಾಹೇಬರು ಬರೆದಿದ್ದಾರೆ, ಇದಕ್ಕೆ ನಿನ್ನ ಹೆಸರನ್ನೇ ಇಡುತ್ತೇವೆ. ಫೋನಿನಲ್ಲಿ ಫೋಟೊ ತೆಗೆದು, ಎರಡು ಬೆರಳಿನಿಂದ ಗೆರೆಗಳನ್ನು ದೊಡ್ಡದು ಮಾಡಿ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಬತ್ತಿಯ ಹತ್ತಿ ಮಡಿಲಿನಿಂದ ಕೆಳಗೆ ಜಾರಿತು.

"ಇದು ಹುಳದ್ದಲ್ಲ" ಎಂದಳು. "ಇದು ನನ್ನ ಹೆಬ್ಬಟ್ಟು."

ನಾನು ನಕ್ಕೆ. ಅವಳು ನಗಲಿಲ್ಲ. ಮತ್ತೆ ಫೋಟೊ ನೋಡಿದೆ. ನಡುವಿನ ಸುಳಿ, ಅದರ ಸುತ್ತ ಬಾಗಿದ ಗೆರೆ. ಮೂರು ವಾರದಿಂದ ನಾನು ಪ್ರೀತಿಯಿಂದ ಎಣಿಸಿದ, ಚಿತ್ರ ಬರೆದ, ಪುಣೆಗೆ ಕಳುಹಿಸಿದ ಗೆರೆಗಳು. ನನ್ನ ಹೆಬ್ಬೆರಳಿನ ಮೇಲೂ ಅಂಥವೇ ಇದ್ದವು. ನೋಡುವ ಮನಸ್ಸಿದ್ದರೆ ಕಾಣುತ್ತಿತ್ತು.

ಆಯಿ ನಿಧಾನವಾಗಿ ಹೇಳಿದಳು. ಅವಳಿಗೆ ಆಗ ಹದಿನೇಳು, ಮದುವೆಯಾಗಿ ಐದು ತಿಂಗಳು. ಒಂದು ಸೋಮವಾರ ಜಗಲಿ ತೊಳೆಯುವಾಗ ಎಣ್ಣೆ ಹತ್ತಿದ ಕೈಯಿಂದ ಸುತ್ತಪ್ಪ ಜಾರಿ ಪರಸಿ ಕಲ್ಲಿನ ನೆಲದ ಮೇಲೆ ಬಿದ್ದ. ತುದಿ ಜೋಳದ ನುಚ್ಚಿನ ಹಾಗೆ ಪುಡಿಯಾಯಿತು. ಅತ್ತೆ ಹಿತ್ತಲಲ್ಲಿದ್ದಳು. ಮುಕ್ಕು ಕಂಡರೆ ದೇವರು ಹೊಳೆಗೆ, ಸೊಸೆ ತವರಿಗೆ. ಆಯಿಯ ತವರು ಶಿರವಾಳ. ಅವಳಪ್ಪ ಗಚ್ಚಿನ ಕೆಲಸದವನು, ಹಳೆಯ ಗುಡಿಗಳ ಬಿರುಕಿಗೆ ಸುಣ್ಣ, ಮರಳು, ಬೆಲ್ಲದ ನೀರು ಅರೆದು ತುಂಬುವವನು. ಅಪ್ಪನ ಕೈ ನೋಡಿ ಬೆಳೆದಿದ್ದಳು. ಅತ್ತೆಯ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು, ಬೆಲ್ಲ ಕಲಸಿ, ನುಣ್ಣನೆಯ ಮರಳು ಹಾಕಿ ಅರೆದು, ಮುರಿದ ಜಾಗದ ಮೇಲೆ ಒಂದು ತುದಿ ಮಾಡಿ ಹೆಬ್ಬೆರಳಿನಿಂದ ಒತ್ತಿದಳು. ಚೂಪು ಬರಲಿಲ್ಲ, ದುಂಡಗಾಯಿತು. ಅತ್ತೆಗೆ ಕಣ್ಣಲ್ಲಿ ಪರೆ. ಮುಂದಿನ ವಾರ ಉಗಾದಿ. ನಮ್ಮ ತವರಲ್ಲಿ ದೇವರಿಗೂ ಸುಣ್ಣದ ಅಂಗಿ ಹಾಕುತ್ತಾರೆಂದು ಹೇಳಿ ಮೇಲೆ ಬಳಿದುಬಿಟ್ಟಳು. ಆಮೇಲೆ ಪ್ರತಿ ವರ್ಷ ಬಳಿದಳು, ಸಂದು ಕಾಣಬಾರದೆಂದು.

ಪಡಿತರ ಅಂಗಡಿಯ ಯಂತ್ರ ಎರಡು ವರ್ಷದಿಂದ ಆಯಿಯ ಹೆಬ್ಬೆರಳನ್ನು ಗುರುತಿಸುತ್ತಿಲ್ಲ. ಗೆರೆಗಳು ಸವೆದಿವೆ ಎನ್ನುತ್ತಾರೆ. ಆ ಬೆರಳನ್ನು ನನ್ನ ಕೈಯಲ್ಲಿ ಹಿಡಿದು ಕೂತೆ. ನುಣ್ಣಗೆ, ಹೊಳೆಯ ಕಲ್ಲಿನ ಹಾಗಿತ್ತು.

ನನ್ನ ಹೊಸ ಪ್ರಭೇದ ಹೋಯಿತು. ಅದಕ್ಕೆ ಅಳು ಬಂತೋ ಆಯಿಗಾಗಿ ಬಂತೋ ಹೇಳಲಾರೆ. ಕಣ್ಣೊರೆಸಿಕೊಂಡು ಒಂದು ದಾರಿ ಹುಡುಕಿದೆ. ಪುಣೆಗೆ, ತುದಿ ಮುರಿದಿದೆ, ಟರಿಟೆಲ್ಲಾ, ಪ್ರಭೇದ ತಿಳಿಯದು ಎಂದು ಬರೆಯುತ್ತೇನೆ. ಈ ಗಚ್ಚು ಇದ್ದ ಹಾಗೇ ಇರಲಿ. ಇಂದೇ ಮತ್ತೆ ಸುಣ್ಣ ಬಳಿದು ಬಟ್ಟಲಲ್ಲಿ ಇಡೋಣ. ನಾಳೆ ಬಸ್ಸಮ್ಮನಿಗೆ ಏನೂ ಗೊತ್ತಾಗುವುದಿಲ್ಲ.

ಆಯಿ ನನ್ನ ಕೈಯಿಂದ ತನ್ನ ಬೆರಳು ಬಿಡಿಸಿಕೊಂಡಳು.

"ನನ್ನ ಹೆಸರು ಇಟ್ಟಿದ್ರ, ಸತ್ತ ಮ್ಯಾಲೂ ಸುಳ್ಳು ಹೇಳ್ಕೋತ ಇರ್ತಿದ್ದೆ ನೋಡು" ಎಂದಳು. ಆಮೇಲೆ ಕೇಳಿದಳು, "ಇದನ್ನ ತಗದ್ರ ಯಾರ ಪೈಕಿ ಅಂತ ಸಿಗ್ತದೇನು?"

ಸಿಗಬಹುದು ಎಂದೆ. ಗಚ್ಚು ಎರಡು ಸುತ್ತಿನ ಮೇಲೆ ಇಳಿದಿತ್ತು. ಅದರ ಕೆಳಗೆ ಯಾರ ಬೆರಳೂ ತಾಗಿರಲಿಲ್ಲ, ಏಣುಗಳು ಉಳಿದಿರಬಹುದು. ಸಿಗದೆಯೂ ಹೋಗಬಹುದು. ಒಮ್ಮೆ ತೆಗೆದರೆ ಮಾತ್ರ ಮತ್ತೆ ಕೂಡಿಸಲು ಆಗುವುದಿಲ್ಲ, ಮುಕ್ಕು ಎಲ್ಲರಿಗೂ ಕಾಣುತ್ತದೆ.

"ಇಡು ಹಂಗಾದ್ರ. ನಾಳಿ ಬಸ್ಸಿ ಬರ್ಲಿ" ಎಂದು ಹತ್ತಿ ಎತ್ತಿಕೊಂಡು ಬತ್ತಿ ಹೊಸೆಯತೊಡಗಿದಳು.

ಬಸ್ಸಮ್ಮ ಬೆಳಗಿನ ಮೊದಲ ಬಸ್ಸಿಗೇ ಬಂದಳು, ಬಿಲ್ವಪತ್ರೆಯ ಚೀಲ ಕಂಕುಳಲ್ಲಿ. ಕಾಲು ತೊಳೆದುಕೊಂಡು ನೇರ ಜಗಲಿಗೆ ಹೋಗಿ ನಿಂತಳು. ಬಟ್ಟಲಲ್ಲಿ ಕಂದು ಬಣ್ಣದ ಸುತ್ತಪ್ಪನನ್ನು ನೋಡಿ, ಇವನ ಅಂಗಿ ಯಾರು ಕಳೆದರೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಆಯಿ ಕಂಬ ಹಿಡಿದು ಎದ್ದು ನಿಂತಳು. ತನಗಿಂತ ಏಳು ವರ್ಷ ಸಣ್ಣವಳ ಮುಂದೆ ಹೊಸ ಸೊಸೆಯ ಹಾಗೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಸೋಮವಾರದಿಂದ ಹಿಡಿದು ಉಗಾದಿಯ ತನಕ ಒಂದನ್ನೂ ಬಿಡದೆ ಹೇಳಿದಳು.

ಬಸ್ಸಮ್ಮ ಜಗಲಿಯ ಅಂಚಿಗೆ ಕೂತಳು.

"ವೈನಿ, ನಮ್ಮವ್ವಗ ಗೊತ್ತಿತ್ತೇನು?"

"ಗೊತ್ತಾಗಿದ್ರ ನಾ ಇಲ್ಲಿ ಇರ್ತಿದ್ನೇನು?"

"ಇರ್ತಿರಲಿಲ್ಲ. ಅವತ್ತೇ ಶಿರವಾಳದ ಗಾಡಿ ಹತ್ತಸ್ತಿದ್ಳು. ಆಕಿ ಹಂಗ ಇದ್ಳು." ಬಿಲ್ವದ ಎಲೆಯೊಂದನ್ನು ಬೆರಳಲ್ಲಿ ಮಡಚಿದಳು, ಬಿಡಿಸಿದಳು. "ನಾ ನಾಕು ಬಾಣಂತನಕ್ಕೂ ಇವಗ ಹರಕಿ ಹೊತ್ತೀನಿ. ಮುಕ್ಕಾದ ದೇವರಿಗೆ."

"ನಾಕೂ ಉಳದಾವಿಲ್ಲೋ?"

"ಉಳದಾವ. ದೊಡ್ಡಾಂವಗ ಮಾತ್ರ ತಲಿ ಕಡಿಮಿ. ಅದು ಯಾತರದ್ದು ಅಂತ ಈಗ ತಿಳೀತು."

ಆಯಿಗೆ ನಗು ಬಂತು, ತಡೆದಳು. ಬಸ್ಸಮ್ಮ ತಡೆಯಲಿಲ್ಲ. ಆದರೆ ನಗು ಮುಗಿದ ಮೇಲೆ ಅವಳ ಮುಖ ಮೊದಲಿನಂತೆ ಗಟ್ಟಿಯಾಯಿತು. ಮುಕ್ಕಾದದ್ದು ಜಗಲಿಯ ಮೇಲೆ ಇರಬಾರದು, ಅದು ಯಾರ ಸಲುವಾಗಿಯೂ ಬದಲಾಗುವುದಿಲ್ಲ ಎಂದಳು. ಕೆಂಪು ವಸ್ತ್ರ ಕೇಳಿದಳು.

ಆಯಿ ಬಟ್ಟಲನ್ನು ಎದೆಗೆ ಅವಚಿಕೊಂಡಳು. "ಬಿಡು, ಬಸ್ಸವ್ವ. ಇಳಸಬ್ಯಾಡ ಅನ್ನಂಗಿಲ್ಲ. ಅರವತ್ತೆರಡು ವರ್ಷ ಮುಚ್ಚಿಟ್ಟಾಕಿ ನಾನು. ಯಾರ ಪೈಕಿ ಅಂತ ತಿಳೀಲಾರದ ನೀರಿಗೆ ಹಾಕಬ್ಯಾಡ. ಅಷ್ಟು ಒಂದು."

ಬಸ್ಸಮ್ಮ ನನ್ನ ಕಡೆ ನೋಡಿದಳು, ಪರೀಕ್ಷೆ ತೆಗೆದುಕೊಳ್ಳುವವರ ಹಾಗೆ. "ಹೇಳಾಕ ಬರ್ತದೇನು ನಿನಗ?"

ನೋಡುತ್ತೇನೆ ಎಂದೆ.

"ನೋಡು ಮತ್ತ. ನನ್ನ ಮುಂದ ತಗಿ."

ನುಜ್ಹತ್ ಮೇಡಮ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ತಪ್ಪು ತಮ್ಮದೂ ಇದೆ, ಗೆರೆ ತಾವೂ ನೋಡಿದ್ದರು, ಗಚ್ಚೆಂದು ಹೊಳೆಯಲಿಲ್ಲ ಎಂದರು. ಮೀಟಬೇಡ, ಸಂದಿನಲ್ಲಿ ಸೂಜಿ ಇಟ್ಟು ಸುತ್ತ ಹೋಗು, ಅವಸರ ಮಾಡಬೇಡ ಎಂದು ಹೇಳಿ, ತಾವು ಹಳೆಯ ಪುಸ್ತಕ ತೆರೆದುಕೊಂಡು ಕೂತಿರುವುದಾಗಿ ಫೋನ್ ಇಟ್ಟರು.

ಹಿತ್ತಲಿನ ಕಟ್ಟೆಯ ಮೇಲೆ, ಬಿಸಿಲಲ್ಲಿ ಕೂತೆವು. ಸುತ್ತಪ್ಪನನ್ನು ಹಿಡಿಯಲು ಆಯಿಗೆ ಕೊಟ್ಟರೆ ಅವಳು ಕೈ ಹಿಂದೆ ತೆಗೆದಳು. ಬಸ್ಸಮ್ಮ ತನ್ನ ಕೈಗೆ ತೆಗೆದುಕೊಂಡು ಎರಡು ಮೊಣಕಾಲುಗಳ ನಡುವೆ ಗಟ್ಟಿಯಾಗಿ ಹಿಡಿದಳು. ನಾನು ಸೂಜಿಯಿಂದ ಸುತ್ತ ಹೋದೆ. ಒಂದು ಸುತ್ತು, ಎರಡು ಸುತ್ತು, ಎಷ್ಟೋ ಸುತ್ತು. ಬಿಸಿಲು ಕಟ್ಟೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಜಗಲಿಯ ದೀಪದ ಎಣ್ಣೆ ಕುಡಿದಿದ್ದ ಚಿಪ್ಪನ್ನು ಗಚ್ಚು ಪೂರ್ತಿ ಕಚ್ಚಿರಲಿಲ್ಲ. ಒಮ್ಮೆ ಟಿಕ್ ಎಂದು ಸಣ್ಣ ಸದ್ದಾಗಿ, ಡಬ್ಬಿಯ ಮುಚ್ಚಳದ ಹಾಗೆ ಇಡಿಯಾಗಿ ನನ್ನ ಅಂಗೈಗೆ ಬಂತು. ಆಯಿ ಕಣ್ಣು ಮುಚ್ಚಿಕೊಂಡಿದ್ದಳು.

ಓರೆಯಾಗಿ ಮುರಿದ ಕೊನೆ. ಅದರ ಕೆಳಗೆ ಎರಡು ಸಣ್ಣ ಸುತ್ತು, ನಿನ್ನೆ ಕೊರೆದ ಹಾಗೆ. ದಪ್ಪ ಏಣುಗಳು, ಅವುಗಳ ನಡುವೆ ದಾರದಂಥ ಸಣ್ಣ ಏಣುಗಳು. ಆಯಿಯ ಗಚ್ಚು ಅರವತ್ತೆರಡು ವರ್ಷ ಅವನ್ನು ಯಾರ ಬೆರಳಿಗೂ ಸಿಗದ ಹಾಗೆ ಕಾದಿತ್ತು.

ಭೂತಗನ್ನಡಿ ಹಿಡಿದು ಎಣಿಸತೊಡಗಿದೆ. ಬಸ್ಸಮ್ಮ ಕೌದಿ ಹೊಲಿಯುವವಳು, ಬರಿಗಣ್ಣಲ್ಲಿ ಎಳೆ ಎಣಿಸುವವಳು. ದಪ್ಪದವು ನಾಲ್ಕು ಎಂದಳು, ಸರಿಯಿತ್ತು. ನಡುವಿನ ಸಣ್ಣವು ಐದು ಎಂದೆ. ಅವಳು ಆರು ಎಂದಳು. ಐದೇ ಎಂದೆ.

"ಕಲ್ಲು ಓದಿದಾಕಿ ನೀನು. ಹೊಲಿಗಿ ಎಣಿಸಾಕಿ ನಾನು. ಸರೀಗ್ ನೋಡು, ತಳದಾಗ ಒಂದು ಸಣ್ಣದು ಕುಂತದ."

ಆರೇ ಇತ್ತು.

ಯಾದಗಿರಿಯಲ್ಲಿ ಮೇಡಮ್ ನೂರೈವತ್ತು ವರ್ಷ ಹಳೆಯ ಪುಸ್ತಕದ ಪುಟ ತಿರುವುತ್ತಿದ್ದರು. ದಕ್ಷಿಣದ ಸೀಮೆಯ ಕಲ್ಲಾದ ಚಿಪ್ಪುಗಳನ್ನೆಲ್ಲ ಒಂದೊಂದಾಗಿ ಚಿತ್ರಿಸಿದ ಪುಸ್ತಕ. ನಾನು ಫೋನಿನಲ್ಲಿ ಹೇಳುತ್ತ ಹೋದೆ, ಅವರು ಹೂಂ ಎನ್ನುತ್ತ ಹೋದರು. ಸುತ್ತುಗಳ ಬದಿ ಹೆಚ್ಚು ಉಬ್ಬಿಲ್ಲ. ದಪ್ಪ ಏಣು ನಾಲ್ಕು. ನಡುವೆ ಆರು. ಬೆಳೆದ ಗೆರೆ ನಡುವಿನಲ್ಲಿ ಹಿಂದಕ್ಕೆ ಬಾಗಿದೆ. ಒಂದು ಚಿತ್ರದ ಹತ್ತಿರ ಅವರು ನಿಂತರು, ಅದರ ಫೋಟೊ ಕಳುಹಿಸಿದರು. ಚಿತ್ರವನ್ನೂ ಸುತ್ತಪ್ಪನನ್ನೂ ಪಕ್ಕದಲ್ಲಿಟ್ಟು ಮೂವರೂ ನೋಡಿದೆವು. ಅಣ್ಣ ತಮ್ಮಂದಿರ ಹಾಗಿದ್ದರು. ಹೊಸಬನಲ್ಲ. ನಾವು ಯಾರೂ ಹುಟ್ಟುವ ಮೊದಲೇ ಯಾರೋ ಅವನನ್ನು ನೋಡಿ ಹೆಸರಿಟ್ಟಿದ್ದರು.

ಪುಣೆಯವರಿಗೆ ಎಲ್ಲವನ್ನೂ ಬರೆದೆ, ತುದಿ ಗಚ್ಚಿನದು, ಗೆರೆಗಳು ನಮ್ಮ ಆಯಿ ಹದಿನೇಳು ವರ್ಷದವಳಿದ್ದಾಗಿನ ಹೆಬ್ಬೆರಳಿನವು ಎಂಬುದನ್ನೂ. ಬರೆಯುವಾಗ ಕಿವಿ ಬಿಸಿಯಾಯಿತು. ಇಳಿಹೊತ್ತಿಗೆ ಉತ್ತರ ಬಂತು. ಹೌದು, ಅದೇ ಪ್ರಭೇದ, ಅನುಮಾನವಿಲ್ಲ. ಆ ಮುಚ್ಚಳವನ್ನೂ ದಯವಿಟ್ಟು ಎಸೆಯಬೇಡಿ, ಕಲ್ಲಿನ ಜೊತೆಗೇ ಇಡಿ.

ಎಲ್ಲಿ ಇಡುವುದೆಂದು ಆಯಿ ಬಸ್ಸಮ್ಮನ ಮುಖ ನೋಡಿದಳು. ಮೇಡಮ್ ಅವರ ವಿಭಾಗದ ಗಾಜಿನ ಕಪಾಟಿನ ವಿಷಯ ನಾನು ಹೇಳಿದೆ. ಕಪಾಟಿಗೆ ಬೀಗವಿದೆಯೇ, ಧೂಳು ಒರೆಸುತ್ತಾರೆಯೇ, ಬೇಕೆಂದಾಗ ಹೋಗಿ ನೋಡಲು ಬಿಡುತ್ತಾರೆಯೇ ಎಂದು ಬಸ್ಸಮ್ಮ ವಿಚಾರಿಸಿದಳು. ಹೊಳೆಯಾದರೇನು ಕಾಲೇಜಾದರೇನು, ಜಗಲಿಯಿಂದ ಇಳಿದರೆ ಆಯಿತು ಎಂದು ತೀರ್ಪು ಕೊಟ್ಟು, ಕೆಂಪು ವಸ್ತ್ರವನ್ನು ಮಡಚಿ ಒಳಗೆ ಇಟ್ಟಳು.

ನಾನು ಚೀಟಿ ಬರೆಯಲು ಕೂತೆ. ಸಿಕ್ಕಿದ್ದು ತಿರುಚಿರಾಪಳ್ಳಿಯ ಆಚೆ, ಜಾಗ ಖಚಿತವಿಲ್ಲ. ಕೊಟ್ಟವರು ಗುರುಲಿಂಗಮ್ಮ, ಸುರಪುರ. ತುದಿ ಮುರಿದಿದೆ. ದುರಸ್ತಿ ಮಾಡಿದವರು ಎಂದು ಬರೆದು ನಿಲ್ಲಿಸಿದಾಗ, ಮುರಿದವಳ ಹೆಸರೂ ಅದೇ ಎಂದು ಬರಿ, ಮುಂದಿನವರಿಗೆ ಗೊಂದಲ ಬೇಡ ಎಂದು ಬಸ್ಸಮ್ಮ ಒಳಗಿನಿಂದಲೇ ಹೇಳಿದಳು. ಆಯಿ ತಲೆಯಾಡಿಸಿದಳು, ಬರೆದೆ. ಮೇಲಿನ ಸಾಲೊಂದು ಖಾಲಿ ಬಿಟ್ಟಿದ್ದೆ. ಕೊನೆಗೆ ಅದರಲ್ಲಿ ಹೆಸರು ಬರೆದೆ, ಎರಡು ಪದ, ಲ್ಯಾಟಿನ್‌ನಲ್ಲಿ.

ಆಮೇಲೆ ಆಯಿಯ ಎದುರು ಕೂತು ಹೇಳಿದೆ. "ಆಯಿ, ಸಮುದ್ರದ ಬಸವನಹುಳ ಇದು. ಮನೆತನದ ಹೆಸರು ಟರಿಟೆಲ್ಲಾ, ಸಣ್ಣ ಗೋಪುರ ಅಂತ ಅರ್ಥ. ಇದರ ಸ್ವಂತ ಹೆಸರಿಗೆ ಹಲವು ಗೆರಿ ಇದ್ದದ್ದು ಅಂತ ಅರ್ಥ. ಊರು ತಿರುಚಿರಾಪಳ್ಳಿ ಆಚಿ ಕಡಿ, ಅಲ್ಲಿ ಸಮುದ್ರ ಇದ್ದಾಗಿಂದು. ವಯಸ್ಸು ಏಳೆಂಟು ಕೋಟಿ ವರ್ಷ. ಇದರ ಪೈಕಿಯವರು ಇನ್ನೂ ಸಮುದ್ರದಾಗ ಜೀವಂತ ಅದಾರ."

ಅವಳು ಸುತ್ತಪ್ಪನನ್ನು ಅಂಗೈಯಲ್ಲಿ ಇಟ್ಟುಕೊಂಡು ಚೀಟಿಯ ಆ ಎರಡು ಪದದ ಹೆಸರನ್ನು ನನ್ನ ಬಾಯಿಂದ ಕೇಳಿ, ತಾನೂ ಹೇಳಿ ನೋಡಿದಳು. ಮೊದಲ ಸಲ ನಡುವಿನ ಅಕ್ಷರ ಬಿಟ್ಟುಹೋಯಿತು. ಎರಡನೆಯ ಸಲ ಕೊನೆಯದು. ನಾನು ಬಿಡಿಸಿ ಹೇಳಿಕೊಟ್ಟೆ. ಮೂರನೆಯ ಸಲಕ್ಕೆ ಸರಿಯಾಗಿ ಬಂತು.